ಫೋಟೊದಿಂದ ಅಳತೆ, ಅಳತೆಯಿಂದ ಅಚ್ಚು: ಪದೇ ಪದೇ ಕೇಳುವ ಪ್ರಶ್ನೆಗಳು

ಬೀದರಿನ ಬಿದರಿ ಕೆಲಸದವರು, ಕಲಬುರಗಿಯ ದಾಲ್ ಮಿಲ್ ಮತ್ತು ಲೇತ್ ಅಂಗಡಿಯವರು, ಚಿತ್ತಾಪುರ–ಯಾದಗಿರಿ ಕಡೆ ಶಾಸನ ಹುಡುಕಿಕೊಂಡು ತಿರುಗುವವರು, ವಸ್ತುವಿನ ಫೋಟೊ ಅಥವಾ ಸ್ಕ್ಯಾನಿನಿಂದ ಕಂಪ್ಯೂಟರಿನಲ್ಲಿ ತ್ರೀಡಿ ಮಾಡೆಲ್ ಮಾಡಿ, ಅಳೆದು, ತ್ರೀಡಿ ಪ್ರಿಂಟ್ ತೆಗೆಯುವ ಬಗ್ಗೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಮೂವರ ಕೆಲಸ ಬೇರೆಯಾದರೂ ಮುಗ್ಗರಿಸುವ ಜಾಗ ಹೆಚ್ಚುಕಡಿಮೆ ಒಂದೇ. ಪ್ರಶ್ನೆಗಳನ್ನು ಕೇಳುವವರ ಮಾತಿನಲ್ಲೇ ಬಿಟ್ಟಿದ್ದೇವೆ.

ಬರೀ ಫೋಟೊದಿಂದ ಅಳತೆ ಹ್ಯಾಂಗ ಸಿಗ್ತದ?

ಒಂದು ವಸ್ತುವನ್ನು ಸುತ್ತಲಿಂದ ಫೋಟೊ ತೆಗೆದಾಗ ಸಾಫ್ಟ್‌ವೇರ್ ಪ್ರತಿ ಫೋಟೊದಲ್ಲೂ ಗುರುತು ಸಿಗುವ ಚುಕ್ಕೆಗಳನ್ನು ಹುಡುಕುತ್ತದೆ. ಅದು ಒಂದು ಗೀರು ಇರಬಹುದು, ತುಕ್ಕಿನ ಕಲೆ ಇರಬಹುದು, ಕಲ್ಲಿನ ಕಣ ಇರಬಹುದು. ಅದೇ ಚುಕ್ಕೆ ಮೂರು ನಾಲ್ಕು ಫೋಟೊಗಳಲ್ಲಿ ಬೇರೆ ಬೇರೆ ಕೋನದಿಂದ ಸಿಕ್ಕರೆ, ಕ್ಯಾಮೆರಾ ಎಲ್ಲಿ ನಿಂತಿತ್ತು, ಚುಕ್ಕೆ ಎಲ್ಲಿದೆ ಎಂದು ಎರಡನ್ನೂ ಒಟ್ಟಿಗೆ ಲೆಕ್ಕ ಹಾಕುತ್ತದೆ. ಇದೇ ಫೋಟೊಗ್ರಾಮೆಟ್ರಿ.

ಇದರಿಂದ ಎರಡು ಮಾತು ತಾನಾಗಿ ಹೊರಡುತ್ತವೆ. ಚುಕ್ಕೆಯೇ ಇಲ್ಲದ ಮೈ, ಅಂದರೆ ಹೊಸ ಸ್ಟೀಲ್ ಪಾತ್ರೆ, ಬಿಳಿ ಪ್ಲಾಸ್ಟಿಕ್, ಗಾಜು, ಈ ಲೆಕ್ಕಕ್ಕೆ ಸಿಗುವುದಿಲ್ಲ. ಎರಡನೆಯದು, ಫೋಟೊದಿಂದ ಆಕಾರ ಸಿಗುತ್ತದೆ, ಗಾತ್ರ ಸಿಗುವುದಿಲ್ಲ. ಬೀದರ್ ಕೋಟೆಯ ತೋಪೂ ಮೇಜಿನ ಮೇಲಿನ ಆಟಿಕೆ ತೋಪೂ ಸಾಫ್ಟ್‌ವೇರಿಗೆ ಒಂದೇ. ಅಳತೆಪಟ್ಟಿ ಇಡದೆ ತೆಗೆದ ಫೋಟೊಗಳು ನೋಡಲಿಕ್ಕೆ ಆಗುತ್ತವೆ, ಅಚ್ಚು ಮಾಡಲಿಕ್ಕೆ ಆಗುವುದಿಲ್ಲ.

ಮೊಬೈಲ್ ಸಾಕಾಗ್ತದೇನು?

ಅಂಗೈಯಷ್ಟು ಅಥವಾ ಅದಕ್ಕಿಂತ ದೊಡ್ಡ ವಸ್ತುವಿಗೆ, ಅರ್ಧ ಮಿ.ಮೀ. ಆಚೀಚೆ ನಡೆಯುತ್ತದೆ ಅನ್ನುವ ಕೆಲಸಕ್ಕೆ ಸಾಕು. ಮುಖ್ಯ ಲೆನ್ಸ್ ಮಾತ್ರ ಬಳಸಿ, ಅಗಲ ನೋಟದ ಲೆನ್ಸ್ ಬೇಡ. ಪರದೆಯನ್ನು ಒತ್ತಿ ಹಿಡಿದು ಫೋಕಸ್ ಮತ್ತು ಬೆಳಕನ್ನು ಲಾಕ್ ಮಾಡಿ. ಎಚ್‌ಡಿಆರ್, ಚಂದ ಕಾಣಿಸುವ ಫಿಲ್ಟರ್, ಪೋರ್ಟ್ರೇಟ್ ಎಲ್ಲ ಬಂದ್ ಮಾಡಿ. ಜೂಮ್ ಮಾಡಬೇಡಿ, ಹತ್ತಿರ ಹೋಗಿ. ವಾಟ್ಸಾಪಿನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಫೋಟೊವನ್ನು ಕುಗ್ಗಿಸುತ್ತದೆ, ಲೆನ್ಸಿನ ಮಾಹಿತಿಯನ್ನೂ ಕಳೆಯುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ಕೇಬಲ್ ಹಾಕಿ ಇಳಿಸಿ.

ಕೆಲವು ದುಬಾರಿ ಫೋನುಗಳಲ್ಲಿರುವ ಲೈಡಾರ್ (ಲೇಸರ್ ಬೆಳಕಿನಿಂದ ದೂರ ಅಳೆಯುವ ಸೆನ್ಸರ್) ಬಗ್ಗೆ ಬಹಳ ಜನ ಕೇಳುತ್ತಾರೆ. ಅದು ಕೋಣೆ, ಅಂಗಳ, ಬಾಗಿಲು ಅಳೆಯಲಿಕ್ಕೆ ಇರುವುದು. ಗೇರಿನ ಹಲ್ಲು ಅದಕ್ಕೆ ಕಾಣುವುದಿಲ್ಲ.

ಎಷ್ಟು ಸಣ್ಣ ವಿವರ ಹಿಡೀತದ ಅಂತ ಮೊದಲೇ ಹೇಳ್ಲಿಕ್ಕೆ ಬರ್ತದೇನು?

ಬರುತ್ತದೆ. ಫೋಟೊದ ಅಗಲದಲ್ಲಿ ಎಷ್ಟು ಮಿ.ಮೀ. ಜಾಗ ಕಾಣುತ್ತದೆ ಎಂದು ಪಟ್ಟಿ ಇಟ್ಟು ನೋಡಿ, ಅದನ್ನು ಫೋಟೊದ ಅಗಲದ ಪಿಕ್ಸೆಲ್‌ಗಳಿಂದ ಭಾಗಿಸಿ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಫೋಟೊ ಸಾಮಾನ್ಯವಾಗಿ 6000 ಪಿಕ್ಸೆಲ್ ಅಗಲ ಇರುತ್ತದೆ. 240 ಮಿ.ಮೀ. ಜಾಗ ಕಂಡರೆ 240 ÷ 6000, ಒಂದು ಪಿಕ್ಸೆಲ್ಲಿಗೆ 0.04 ಮಿ.ಮೀ. ನಂಬಬಹುದಾದ ವಿವರ ಅದರ ಎರಡು ಮೂರು ಪಟ್ಟು ಎಂದು ಹಿಡಿಯಿರಿ, ಅಂದರೆ ಸುಮಾರು 0.1 ಮಿ.ಮೀ. ಇದು ಫೋಕಸ್ ಸರಿ ಇದ್ದಾಗಿನ ಲೆಕ್ಕ. ಕೈ ಅಲುಗಿದ ಫೋಟೊದಲ್ಲಿ 6000 ಪಿಕ್ಸೆಲ್ ಇದ್ದರೂ ಒಂದೇ, 1500 ಇದ್ದರೂ ಒಂದೇ.

ಫೋಟೊ ಎಷ್ಟು ತೆಗೀಬೇಕು, ಹ್ಯಾಂಗ ತೆಗೀಬೇಕು?

ಹೂಜಿ, ಗೇರು, ಸಣ್ಣ ಮೂರ್ತಿ ಇಂಥವಕ್ಕೆ ಒಂದು ಸುತ್ತಿಗೆ 30 ರಿಂದ 36 ಫೋಟೊ, ಅಂದರೆ 10–12 ಡಿಗ್ರಿಗೊಂದು. ಇಂಥ ಮೂರು ಸುತ್ತು: ಒಂದು ವಸ್ತುವಿನ ಮಟ್ಟಕ್ಕೆ, ಒಂದು ಸುಮಾರು 30 ಡಿಗ್ರಿ ಮೇಲಿಂದ, ಒಂದು 60 ಡಿಗ್ರಿ ಮೇಲಿಂದ. ಆಮೇಲೆ ವಸ್ತುವನ್ನು ಮಗ್ಗುಲಿಗೆ ಮಲಗಿಸಿ ತಳಕ್ಕಾಗಿ ಇನ್ನೊಂದು ಸುತ್ತು. ಒಟ್ಟು 120–150 ಆಗುತ್ತವೆ. ಒಂದು ಫೋಟೊದಲ್ಲಿ ಕಂಡ ಭಾಗದ ಮುಕ್ಕಾಲು ಪಾಲು ಮುಂದಿನ ಫೋಟೊದಲ್ಲೂ ಕಾಣಬೇಕು.

ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ಇರಲಿ. ಐಎಸ್ಒ (ಬೆಳಕಿನ ಸಂವೇದನೆ) 100, ಅಪರ್ಚರ್ (ಲೆನ್ಸಿನ ರಂಧ್ರ) ಎಫ್ 8 ರಿಂದ 11, ಶಟರ್ ಎಷ್ಟು ಹೊತ್ತು ಬೇಕೋ ಅಷ್ಟು, ಎರಡು ಸೆಕೆಂಡಿನ ಟೈಮರ್. ಫೋಕಸ್ ಒಮ್ಮೆ ಹಿಡಿದು ಮ್ಯಾನುಯಲ್‌ಗೆ ಹಾಕಿ. ಎಫ್ 22 ಇಟ್ಟರೆ ಎಲ್ಲ ಚೊಕ್ಕ ಬರುತ್ತದೆ ಎಂಬ ನಂಬಿಕೆ ಇದೆ. ರಂಧ್ರ ಅಷ್ಟು ಸಣ್ಣದಾದರೆ ಬೆಳಕು ಅಂಚಿಗೆ ಬಾಗಿ ಇಡೀ ಚಿತ್ರ ಸ್ವಲ್ಪ ಮಸುಕಾಗುತ್ತದೆ.

ಹಿನ್ನೆಲೆಯ ವಿಷಯದಲ್ಲಿ ಅರ್ಧಕ್ಕರ್ಧ ಜನ ಎಡವುತ್ತಾರೆ. ವಸ್ತು ಕದಲದೆ ನೀವು ಸುತ್ತುವಿರಾದರೆ ಕೆಳಗೆ ಹಳೆ ಪತ್ರಿಕೆ ಹಾಸಿ. ಅಕ್ಷರಗಳೆಲ್ಲ ಗುರುತಾಗಿ ಕೆಲಸಕ್ಕೆ ಬರುತ್ತವೆ. ಉಜ್ಜದ ಶಹಾಬಾದ್ ಫರಸಿ ನೆಲವೂ ಇದಕ್ಕೆ ಒಳ್ಳೆಯದು. ಅದೇ ವಸ್ತುವನ್ನು ತಿರುಗುವ ಮಣೆಯ ಮೇಲಿಟ್ಟು ಕ್ಯಾಮೆರಾ ನಿಂತಲ್ಲೇ ನಿಲ್ಲಿಸಿದರೆ ಹಿನ್ನೆಲೆ ಖಾಲಿ ಇರಲೇಬೇಕು, ಕರಿ ಬಟ್ಟೆ ಅಥವಾ ಬಿಳಿ ಹಾಳೆ. ಇಲ್ಲದಿದ್ದರೆ ವಸ್ತು ತಿರುಗುತ್ತಿದೆ, ಗೋಡೆ ನಿಂತಿದೆ. ಸಾಫ್ಟ್‌ವೇರ್ ಗೋಡೆಯನ್ನು ನಂಬಿ ಕ್ಯಾಮೆರಾ ಕದಲಲೇ ಇಲ್ಲ ಎಂದು ತೀರ್ಮಾನಿಸುತ್ತದೆ. ಪತ್ರಿಕೆಯನ್ನು ಮಣೆಗೇ ಅಂಟಿಸಿದರೆ ಅದೂ ಜೊತೆಗೆ ತಿರುಗುತ್ತದೆ, ಅದಕ್ಕೆ ಅಡ್ಡಿಯಿಲ್ಲ.

ಬಿಸಿಲಲ್ಲಿ ತೆಗೆಯಬೇಡಿ. ನೆರಳು ಸರಿದಂತೆ ಚುಕ್ಕೆಗಳೂ ಸರಿದಂತೆ ಕಾಣುತ್ತವೆ. ಶ್ರಾವಣದ ಮೋಡದ ಬೆಳಕು ಎಲ್ಲಕ್ಕಿಂತ ಉತ್ತಮ. ಬೇಸಿಗೆಯಲ್ಲಾದರೆ ನಸುಕಿನ ಹೊತ್ತು ಅಥವಾ ಕೋಣೆಯೊಳಗೆ ಬಿಳಿ ಬಟ್ಟೆ ಕಟ್ಟಿದ ಎರಡು ಎಲ್‌ಇಡಿ ದೀಪ.

ಅಳತೆ ಖರೇ ಅದ ಅಂತ ನಂಬೋದು ಹ್ಯಾಂಗ?

ಇದನ್ನು ಎಲ್ಲರೂ ಕೊನೆಗೆ ಕೇಳುತ್ತಾರೆ, ಮೊದಲು ಕೇಳಬೇಕಾದದ್ದು ಇದೇ. ಪರದೆಯ ಮೇಲೆ ಚಂದ ಕಂಡ ಮಾಡೆಲ್ 2 ಮಿ.ಮೀ. ತಪ್ಪಿರಬಹುದು, ಕಣ್ಣಿಗೆ ಗೊತ್ತೇ ಆಗುವುದಿಲ್ಲ.

ವಸ್ತುವಿನ ಪಕ್ಕ ಮೂರು ಅಳತೆಪಟ್ಟಿ ಇಡಿ. ಉಕ್ಕಿನ ಸ್ಕೇಲಿಗೆ ಎರಡು ತುದಿಯಲ್ಲಿ ಅಡ್ಡಗುರುತಿನ ಸ್ಟಿಕ್ಕರ್ ಅಂಟಿಸಿ, ಗುರುತಿನಿಂದ ಗುರುತಿಗೆ ಇರುವ ದೂರವನ್ನು ಅಳೆದು ಬರೆದಿಟ್ಟುಕೊಂಡರೆ ಪಟ್ಟಿ ಸಿದ್ಧ. ಮೂರೂ ಬೇರೆ ಬೇರೆ ದಿಕ್ಕಿಗಿರಲಿ, ಒಂದಾದರೂ ನಿಂತಿರಲಿ. ಎರಡನ್ನು ಬಳಸಿ ಮಾಡೆಲ್ಲಿಗೆ ಗಾತ್ರ ಕೊಡಿ. ಮೂರನೆಯದನ್ನು ಸಾಫ್ಟ್‌ವೇರಿಗೆ ಹೇಳಬೇಡಿ. ಕೊನೆಗೆ ಮಾಡೆಲ್ಲಿನಲ್ಲಿ ಆ ಮೂರನೆಯದನ್ನು ಅಳೆಯಿರಿ. 150.00 ಇರಬೇಕಾದದ್ದು 149.93 ಬಂದರೆ ನಿಮ್ಮ ತಪ್ಪು 0.07. ಗಾತ್ರ ಕೊಡಲಿಕ್ಕೆ ಬಳಸಿದ ಪಟ್ಟಿಯನ್ನೇ ಅಳೆದು ಸರಿ ಬಂತು ಎಂದು ಖುಷಿಪಡುವುದು, ಪ್ರಶ್ನೆಪತ್ರಿಕೆ ಬರೆದವನೇ ಉತ್ತರ ತಿದ್ದಿಕೊಂಡ ಹಾಗೆ.

ಜೊತೆಗೆ ವಸ್ತುವಿನ ಮೇಲೆಯೇ ನಾಲ್ಕೈದು ಕಡೆ ವರ್ನಿಯರ್ ಇಟ್ಟು ಅಳೆದು ಹೋಲಿಸಿ. ಅಂಗಡಿಯಲ್ಲಿ ಸಿಗುವ 0.02 ಮಿ.ಮೀ. ವರ್ನಿಯರ್ ಇದಕ್ಕೆ ಧಾರಾಳವಾಯಿತು.

ಇನ್ನೊಂದು ಸುಲಭದ ಪರೀಕ್ಷೆ ತಕ್ಕಡಿಯದು. ಇಡೀ ಉಕ್ಕಿನ ವಸ್ತುವಾದರೆ ಮಾಡೆಲ್ಲಿನ ಘನಗಾತ್ರವನ್ನು 7.85 ರಿಂದ ಗುಣಿಸಿ. 200 ಘನ ಸೆಂ.ಮೀ. ಇದ್ದರೆ 1570 ಗ್ರಾಂ ತೂಗಬೇಕು. ಉದ್ದದಲ್ಲಿ ಶೇ. 1 ತಪ್ಪಿದ್ದರೆ ಘನಗಾತ್ರದಲ್ಲಿ ಶೇ. 3 ತಪ್ಪಾಗಿ ಕಾಣುತ್ತದೆ, ಹಾಗಾಗಿ ದೊಡ್ಡ ತಪ್ಪು ಅಡಗಿ ಕೂಡುವುದಿಲ್ಲ. ಪೋಸ್ಟು ಕಚೇರಿಯ ತಕ್ಕಡಿಯಂಥದ್ದೇ ಸಾಕು. ಎರಕದ ಕಬ್ಬಿಣಕ್ಕೆ ಈ ಲೆಕ್ಕ ಅಷ್ಟು ಗಟ್ಟಿಯಲ್ಲ, ಅದರ ಸಾಂದ್ರತೆ ಎರಕದಿಂದ ಎರಕಕ್ಕೆ ಬದಲಾಗುತ್ತದೆ.

ನಮ್ಮ ಬೇಸಿಗಿ ಬಿಸಿಲಿಗೆ ಅಳತೆ ಬದಲಾಗ್ತದೇನು?

ಆಗುತ್ತದೆ, ಲೆಕ್ಕಕ್ಕೆ ಸಿಗುವಷ್ಟು. ಯಂತ್ರದ ಅಳತೆಗಳನ್ನೆಲ್ಲ 20 ಡಿಗ್ರಿ ಸೆಲ್ಸಿಯಸ್ಸಿಗೆ ಹೇಳುವುದು ಜಗತ್ತಿನ ರೂಢಿ. ಮೇ ತಿಂಗಳಲ್ಲಿ ಕಲಬುರಗಿಯ ತಗಡಿನ ಶೆಡ್ಡಿನೊಳಗೆ 40 ಸಲೀಸಾಗಿ ಇರುತ್ತದೆ. 300 ಮಿ.ಮೀ. ಉಕ್ಕು ಆ 20 ಡಿಗ್ರಿಗೆ ಸುಮಾರು 0.07 ಮಿ.ಮೀ. ಹಿಗ್ಗುತ್ತದೆ, ಅಲ್ಯೂಮಿನಿಯಂ 0.14, ಸತು 0.18. ವಸ್ತುವೂ ಪಟ್ಟಿಯೂ ಉಕ್ಕೇ ಆಗಿದ್ದು ಒಂದೇ ಬಿಸಿಯಲ್ಲಿದ್ದರೆ ಎರಡೂ ಸಮ ಹಿಗ್ಗುತ್ತವೆ, ಚಿಂತೆಯಿಲ್ಲ. ಬಿಸಿಲಿನಿಂದ ಈಗ ತಂದ ರೋಲರಿನ ಪಕ್ಕ ಕೂಲರ್ ಮುಂದಿದ್ದ ಪಟ್ಟಿ ಇಟ್ಟರೆ ತಪ್ಪು ಶುರು. ಎರಡನ್ನೂ ಒಂದೇ ಕೋಣೆಯಲ್ಲಿ ಎರಡು ಮೂರು ತಾಸು ಬಿಡಿ.

ಬಿದರಿ ಹೂಜಿಗೆ, ಮೂರ್ತಿಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಬೇರಿಂಗ್ ಕೂಡುವ ಜಾಗಕ್ಕೆ ಬೇಕು.

ಸ್ಕ್ಯಾನರ್ ತಗೊಂಡ್ರ ಈ ತಾಪತ್ರಯ ಎಲ್ಲ ಇರಂಗಿಲ್ಲ ಅಲ್ಲೇನು?

ಕೆಲವು ಇರುವುದಿಲ್ಲ. ಪಟ್ಟೆ ಬೆಳಕು ಬಿಟ್ಟು ಅಳೆಯುವ ಸ್ಕ್ಯಾನರಿಗೆ ಗಾತ್ರ ತಾನೇ ಗೊತ್ತಿರುತ್ತದೆ, ಚುಕ್ಕೆಯಿಲ್ಲದ ಮೈಯನ್ನೂ ಅದು ಓದುತ್ತದೆ. ಆದರೆ ಹೊಳಪು, ಕಡುಗಪ್ಪು, ಪಾರದರ್ಶಕ ಮೂರಕ್ಕೂ ಅದೂ ಸೋಲುತ್ತದೆ, ಬಿಸಿಲಲ್ಲಿ ಕುರುಡಾಗುತ್ತದೆ. ಡಬ್ಬಿಯ ಮೇಲೆ ಬರೆದ 0.05 ಮಿ.ಮೀ. ಒಂದು ನೋಟದ ಲೆಕ್ಕ. ಉದ್ದನೆಯ ವಸ್ತುವಿನ ಮೇಲೆ ನೋಟಕ್ಕೆ ನೋಟ ಜೋಡಿಸುತ್ತ ಹೋದಂತೆ ತಪ್ಪು ಬೆಳೆಯುತ್ತದೆ. ಕೊಳ್ಳುವ ಮುಂಚೆ ನಿಮ್ಮದೇ ಒಂದು ವಸ್ತು ಒಯ್ದು ಎದುರಿಗೇ ಸ್ಕ್ಯಾನ್ ಮಾಡಿಸಿ, ವರ್ನಿಯರ್ ನಿಮ್ಮ ಜೇಬಲ್ಲಿರಲಿ.

ಬಿದರಿ ಸಾಮಾನು ಸ್ಕ್ಯಾನ್ ಮಾಡಿದ್ರ ಬರೀ ತೂತು ತೂತಾಗಿ ಬರ್ತದ. ಯಾಕ?

ಬಿದರಿಯಲ್ಲಿ ಸ್ಕ್ಯಾನರಿಗೆ ಆಗದ ಎರಡು ಒಂದೇ ಮೈಮೇಲೆ ಕೂತಿವೆ: ಬೆಳಕನ್ನು ನುಂಗುವ ಕಪ್ಪು, ಬೆಳಕನ್ನು ಎತ್ತ ಬೇಕತ್ತ ಎಸೆಯುವ ಬೆಳ್ಳಿ. ಕಪ್ಪಿಗೆ ಸರಿಹೋಗಲಿ ಎಂದು ಬೆಳಕು ಹೆಚ್ಚಿಸಿದರೆ ಬೆಳ್ಳಿ ಸುಟ್ಟು ಬಿಳಿಯಾಗುತ್ತದೆ.

ಮೊದಲು ಕೇಳಿಕೊಳ್ಳಬೇಕಾದದ್ದು, ನಿಮಗೆ ಬೇಕಾದದ್ದು ಆಕಾರವೋ ಚಿತ್ತಾರವೋ ಎಂದು. ತಾರಕಶಿಯಲ್ಲಿ ತಂತಿಯನ್ನು, ತೆಹನಿಶಾನಿನಲ್ಲಿ ತಗಡನ್ನು ಮೈಗೆ ಸಮನಾಗಿ ಕೂಡಿಸಿ ಉಜ್ಜಿರುತ್ತಾರೆ. ಬೆಳ್ಳಿಗೂ ಕಪ್ಪಿಗೂ ಮಟ್ಟದಲ್ಲಿ ವ್ಯತ್ಯಾಸವೇ ಇಲ್ಲ ಅಂದಮೇಲೆ ಎಷ್ಟು ದುಬಾರಿ ಸ್ಕ್ಯಾನರೂ ಅಲ್ಲಿ ಏನೂ ಕಾಣದು. ಆ ಹೂಬಳ್ಳಿ ಬೇಕಿದ್ದರೆ ಫೋಟೊದ ದಾರಿಯೇ ಸರಿ: ಮಾಡೆಲ್ಲಿಗೆ ಫೋಟೊಗಳ ಬಣ್ಣ ಹೊದಿಸಿ, ಮೈಯನ್ನು ಬಿಚ್ಚಿ ಹಾಳೆಯಂತೆ ಹರಡಿ, ಅಳತೆ ಸಹಿತ ಮುದ್ರಿಸಿಕೊಳ್ಳಬಹುದು. ಬೆಳ್ಳಿ ಉಬ್ಬಿ ನಿಂತಿರುವ ಜರ್‌ಬುಲಂದ್ ಕೆಲಸ ಮಾತ್ರ ಸ್ಕ್ಯಾನಿಗೆ ದಕ್ಕುತ್ತದೆ.

ಆಕಾರ ಸಾಕು ಎಂದಾದರೆ ಮುಗಿದ ಸಾಮಾನನ್ನು ಮುಟ್ಟಲೇಬೇಡಿ. ಎರಕ ಆಗಿ, ಕಾನಸು ಹೊಡೆದು, ಇನ್ನೂ ಹೊಳಪು ಕೊಡದ ಹಂತದಲ್ಲಿ ತೆಗೆಯಿರಿ. ಆಗ ಮೈ ಬೂದುಬಣ್ಣದ್ದು, ಕಾನಸಿನ ಗೀರುಗಳೇ ಬೇಕಾದಷ್ಟು ಗುರುತು ಕೊಡುತ್ತವೆ. ಮೈಲುತುತ್ತು ಬಳಿದು ಕಪ್ಪು ಮಾಡಿದ ಮೇಲೆ ಹೊಳಪೇನೋ ಇರುವುದಿಲ್ಲ, ಆದರೆ ಗುರುತುಗಳೂ ಮುಚ್ಚಿಹೋಗುತ್ತವೆ.

ಮುಗಿದ ಸಾಮಾನೇ ಇರುವುದು, ಬೇರೆ ದಾರಿಯಿಲ್ಲ ಎಂದಾಗ ಎರಡು ಉಪಾಯ. ಒಂದು, ತಾನಾಗಿ ಆವಿಯಾಗಿ ಹೋಗುವ ಸ್ಕ್ಯಾನಿಂಗ್ ಸ್ಪ್ರೇ. ಮೊದಲು ತಳದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ಹೊಡೆದು ಮರುದಿನ ನೋಡಿ. ಟಾಲ್ಕಂ ಪೌಡರನ್ನು ಸ್ಪಿರಿಟಿನಲ್ಲಿ ಕಲಸಿ ಹೊಡೆಯುವುದು ಅಗ್ಗ ನಿಜ, ಗೇರಿಗೆ ನಡೆಯುತ್ತದೆ, ಬಿದರಿಗೆ ಬೇಡ. ಸ್ಪಿರಿಟು ಕೊನೆಗೆ ಹಚ್ಚಿದ ಎಣ್ಣೆಯನ್ನು ತೆಗೆಯುತ್ತದೆ, ಪೌಡರು ಸಂದಿಯಲ್ಲಿ ಉಳಿಯುತ್ತದೆ. ಇನ್ನೊಂದು ಉಪಾಯ ಪೋಲರೈಸರ್: ದೀಪದ ಮುಂದೆ ಒಂದು ಹಾಳೆ, ಲೆನ್ಸಿಗೆ ಒಂದು ಫಿಲ್ಟರ್, ಒಂದಕ್ಕೊಂದು 90 ಡಿಗ್ರಿ ಅಡ್ಡ ತಿರುಗಿಸಿ. ಹೊಳಪು ಸತ್ತುಹೋಗುತ್ತದೆ, ಬೆಳ್ಳಿಯೂ ಕಪ್ಪಾಗಿ ಕಾಣುತ್ತದೆ. ಶಟರ್ ಸಮಯ ನಾಲ್ಕರಿಂದ ಎಂಟು ಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು, ಹಾಗಾಗಿ ಸ್ಟ್ಯಾಂಡ್ ಇಲ್ಲದೆ ಆಗದು. ಬಣ್ಣಕ್ಕಾಗಿ ಫಿಲ್ಟರ್ ತಿರುಗಿಸಿ ಇನ್ನೊಂದು ಸುತ್ತು ತೆಗೆದುಕೊಳ್ಳಿ.

ಹಳೆ ಹೂಜಿ ಸ್ಕ್ಯಾನ್ ಮಾಡಿ, ಪ್ರಿಂಟ್ ತೆಗೆದು, ಅದನ್ನೇ ಅಚ್ಚಿಗೆ ಮಾದರಿ ಮಾಡ್ಬಹುದೇನು?

ಮಾಡಬಹುದು. ಆದರೆ ಇದ್ದ ಅಳತೆಗೇ ಪ್ರಿಂಟ್ ತೆಗೆದರೆ ಹೊಸ ಹೂಜಿ ಚಿಕ್ಕದಾಗುತ್ತದೆ. ಕಾಯಿಸಿ ಹೊಯ್ದ ಸತು–ತಾಮ್ರ ಆರುವಾಗ ಕುಗ್ಗುತ್ತದೆ. ಹಳೆ ಹೂಜಿ ಆಗಲೇ ಒಮ್ಮೆ ಕುಗ್ಗಿದ್ದು, ಅದರ ಪ್ರತಿ ಎರಡನೇ ಸಲ ಕುಗ್ಗುತ್ತದೆ. ಮುಚ್ಚಳ ಹಳೆಯದು, ಹೂಜಿ ಹೊಸದು ಆದಾಗ ಇದು ತಟ್ಟನೆ ಗೊತ್ತಾಗುತ್ತದೆ, ಕೂಡುವುದಿಲ್ಲ.

ಎಷ್ಟು ಕುಗ್ಗುತ್ತದೆ ಎಂಬುದಕ್ಕೆ ಪುಸ್ತಕದ ಅಂಕಿ ನಂಬಬೇಡಿ. ಒಬ್ಬೊಬ್ಬರ ಮಿಶ್ರಣ, ಮಣ್ಣು, ಹೊಯ್ಯುವ ಬಿಸಿ ಬೇರೆ. 100 ಮಿ.ಮೀ. ಉದ್ದದ ಒಂದು ಪಟ್ಟಿಯನ್ನು ನಿಮ್ಮದೇ ಮಿಶ್ರಣದಲ್ಲಿ, ನಿಮ್ಮದೇ ಅಚ್ಚಿನ ಮಣ್ಣಿನಲ್ಲಿ ಎರಕ ಹೊಯ್ದು, ಪೂರ್ತಿ ಆರಿದ ಮೇಲೆ ಅಳೆಯಿರಿ. ಉದಾಹರಣೆಗೆ 98.2 ಬಂತು ಎನ್ನಿ. 100 ÷ 98.2 = 1.018. ಪ್ರಿಂಟನ್ನು ಅಷ್ಟು ಪಟ್ಟು ದೊಡ್ಡದು ಮಾಡಿ. ಇದರ ಮೇಲೆ ಕಾನಸು ಮತ್ತು ಹೊಳಪಿಗೆ ಹೋಗುವ ಲೋಹಕ್ಕಾಗಿ ಹೊರಮೈಗೆ ಅರ್ಧ ಮಿ.ಮೀ. ಸೇರಿಸಿ.

ಪ್ರಿಂಟಿನ ಪದರಗೆರೆಗಳನ್ನು ಹಾಗೇ ಬಿಟ್ಟರೆ ಹರಳೆಣ್ಣೆ–ರಾಳ ಕಲಸಿದ ಮಣ್ಣು ಅವನ್ನು ಹಿಡಿದುಕೊಳ್ಳುತ್ತದೆ, ಮಾದರಿ ಎತ್ತುವಾಗ ಅಚ್ಚಿನ ಗೋಡೆ ಕಿತ್ತು ಬರುತ್ತದೆ. ಪುಟ್ಟಿ ತುಂಬಿ, 400 ನಂಬರಿನ ಪಾಲಿಶ್ ಕಾಗದದಲ್ಲಿ ಉಜ್ಜಿ. ಎತ್ತುವ ದಿಕ್ಕಿಗೆ ಗೋಡೆಗಳು ಒಂದೆರಡು ಡಿಗ್ರಿ ಓರೆ ಇರಲಿ. ಚಿತ್ತಾರದ ತೋಡುಗಳನ್ನು ಪ್ರಿಂಟಿನಲ್ಲೇ ಕೊಡುವ ಆಸೆ ಬೇಡ. ಎರಕದಲ್ಲಿ ಅಂಚು ಮೊಂಡಾಗುತ್ತದೆ, ಬೆಳ್ಳಿ ಕಚ್ಚಿ ಕೂಡುವುದಿಲ್ಲ. ಅದು ಉಳಿಯ ಕೆಲಸ.

ಪ್ರಿಂಟ್ ತೆಗೆದು ಕಪ್ಪು–ಬೆಳ್ಳಿ ಬಣ್ಣ ಹಚ್ಚಿ ಬಿದರಿ ಅಂತ ಮಾರಬಹುದೇನು?

ಮಾರಬಾರದು. ಬಿದರಿಗೆ 2006 ರಿಂದ ಭೌಗೋಳಿಕ ಸೂಚಿಯ (ಜಿಐ) ರಕ್ಷಣೆ ಇದೆ. ನವಸಾಗರ ಮತ್ತು ಕೋಟೆಯ ಮಣ್ಣಿನಲ್ಲಿ ಕಪ್ಪಾಗುವುದು ಸತುವೇ ಹೊರತು ಪ್ಲಾಸ್ಟಿಕ್ ಅಲ್ಲ.

ಮಿಲ್ಲಿನ ಗೇರ್ ಹಲ್ಲು ಮುರದದ. ಸ್ಕ್ಯಾನ್ ಮಾಡಿ ಹಂಗೇ ಇನ್ನೊಂದು ಮಾಡಿಸಿದ್ರ ಆಯ್ತಲ್ಲ?

ಹಾಗೇ ಇನ್ನೊಂದು ಮಾಡಿಸಿದರೆ ಸವೆದ ಗೇರಿನ ಹೊಸ ಪ್ರತಿ ಸಿಗುತ್ತದೆ. ಸ್ಕ್ಯಾನರಿಗೆ ಸವೆತವೂ ಆಕಾರವೇ. ತೊಗರಿ ಹಂಗಾಮಿನ ನಡುವೆ ಮಿಲ್ಲು ನಿಂತಾಗ ಈ ಅವಸರ ಸಹಜ, ಆದರೂ ಅರ್ಧ ತಾಸು ಲೆಕ್ಕಕ್ಕೆ ಕೂಡಿ.

ನೇರ ಹಲ್ಲಿನ ಗೇರು ಎನ್ನಿ. ಹಲ್ಲು ಎಣಿಸಿ: 30. ಹೊರ ವ್ಯಾಸ ಅಳೆಯಿರಿ: 95.6 ಮಿ.ಮೀ. ಮಾಡ್ಯೂಲ್ ಎಂದರೆ ಹೊರ ವ್ಯಾಸವನ್ನು ಹಲ್ಲು ಕೂಡಿಸು 2 ರಿಂದ ಭಾಗಿಸಿದ್ದು: 95.6 ÷ 32 = 2.99. ಅಂದರೆ ಇದು ಮಾಡ್ಯೂಲ್ 3 ರ ಗೇರು, ಹೊಸದಿದ್ದಾಗ ಹೊರ ವ್ಯಾಸ 96 ಇತ್ತು, ವ್ಯಾಸದಲ್ಲಿ 0.4 ಸವೆದಿದೆ. ಖಾತ್ರಿಗಾಗಿ ಹಲ್ಲಿನ ಬುಡದ ವ್ಯಾಸ ನೋಡಿ, ಬುಡ ಸವೆಯುವುದಿಲ್ಲ: 3 × (30 − 2.5) = 82.5 ಬರಬೇಕು. ಜೊತೆಗೂಡುವ ಗೇರಿಗೆ 45 ಹಲ್ಲಿದ್ದರೆ ಎರಡು ಶಾಫ್ಟುಗಳ ನಡುವಿನ ದೂರ (30 + 45) × 3 ÷ 2 = 112.5. ಮೂರೂ ಹೊಂದಿದರೆ ಗೇರು ಸಿಕ್ಕಂತೆ. ಹೊಂದದೆ ಮಾಡ್ಯೂಲ್ 3.17 ರ ಹತ್ತಿರ ಬಂದರೆ ಅದು ಇಂಚಿನ ಲೆಕ್ಕದ ಹಳೆ ಯಂತ್ರ, ಮಾಡ್ಯೂಲ್ 3 ರ ಕಟರ್ ಹಾಕಿಸಬೇಡಿ. ಹಳೆ ಯಂತ್ರಗಳಲ್ಲಿ ಹಲ್ಲಿನ ಕೋನ 20 ರ ಬದಲು 14.5 ಡಿಗ್ರಿ ಇರುವುದೂ ಉಂಟು. ಕಡಿಮೆ ಸವೆದ ಹಲ್ಲಿನ ಸ್ಕ್ಯಾನ್ ಮೇಲೆ ಎರಡೂ ಗೆರೆ ಎಳೆದು ನೋಡಿ, ಯಾವುದು ಕೂಡುತ್ತದೋ ಅದು.

ಹಾಗಾದರೆ ಸ್ಕ್ಯಾನ್ ಯಾತಕ್ಕೆ? ಹಬ್ಬು, ತೋಳು, ಓರೆ ಮೈ, ಬೋಲ್ಟಿನ ರಂಧ್ರಗಳ ಜಾಗ, ಇಂಥ ವರ್ನಿಯರಿಗೆ ಸಿಗದ ಅಳತೆಗಳಿಗೆ. ಶಾಫ್ಟಿನ ತೂತನ್ನು ಮಾತ್ರ ಸ್ಕ್ಯಾನಿನಿಂದ ತೆಗೆಯಬೇಡಿ, ಮೈಕ್ರೋಮೀಟರ್ ಬಳಸಿ. ಬೇರಿಂಗ್ ಇದ್ದರೆ ಅದರ ನಂಬರೇ ಅಳತೆ: 6205 ಎಂದರೆ ಒಳಗೆ 25, ಹೊರಗೆ 52, ಅಗಲ 15 ಮಿ.ಮೀ. ಸ್ಕ್ಯಾನಿನಲ್ಲಿ 51.87 ಕಂಡರೆ ಅದನ್ನೇ ಬರೆಯುವುದು ತಪ್ಪು.

ಉಕ್ಕು ಕತ್ತರಿಸುವ ಮುಂಚೆ ಒಂದು ಪ್ಲಾಸ್ಟಿಕ್ ಪ್ರಿಂಟ್ ತೆಗೆದು ಯಂತ್ರದಲ್ಲಿ ಕೂಡಿಸಿ, ಕೈಯಿಂದ ತಿರುಗಿಸಿ ನೋಡಿ. ಫ್ಯೂಸು ಕಿತ್ತು ಜೇಬಲ್ಲಿಟ್ಟುಕೊಂಡೇ ಕೈ ಹಾಕಬೇಕು. ಆ ಪ್ರಿಂಟಿನಲ್ಲೇ ಮಿಲ್ಲು ಓಡಿಸುವ ಪ್ರಯೋಗ ಬೇಡ.

ಎಮರಿ ರೋಲರ್ ಎಷ್ಟು ಸವದದ ಅಂತ ಇದರಿಂದ ನೋಡ್ಲಿಕ್ಕೆ ಬರ್ತದೇನು?

ಚೆನ್ನಾಗಿ ಬರುತ್ತದೆ. ರೋಲರಿಗೆ ಹೊಸ ಎಮರಿ (ಕಾಳಿನ ಸಿಪ್ಪೆ ಉಜ್ಜುವ ಒರಟು ಲೇಪ) ಕೊಟ್ಟ ದಿನ ಒಂದು ಸಲ, ಹಂಗಾಮು ಮುಗಿದ ಮೇಲೆ ಒಂದು ಸಲ ತೆಗೆದು ಎರಡನ್ನೂ ಕ್ಲೌಡ್‌ಕಂಪೇರ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಒಂದರ ಮೇಲೊಂದು ಕೂಡಿಸಿ. ಸವೆದ ಕಡೆ ಒಂದು ಬಣ್ಣ, ಉಳಿದ ಕಡೆ ಇನ್ನೊಂದು ಬಣ್ಣ ಬರುತ್ತದೆ.

ಕೂಡಿಸುವುದರಲ್ಲೇ ಗುಟ್ಟಿದೆ. ಇಡೀ ರೋಲರನ್ನು ಕೊಟ್ಟು ತಾನೇ ಹೊಂದಿಸಿಕೋ ಎಂದರೆ ಸಾಫ್ಟ್‌ವೇರ್ ತಪ್ಪನ್ನು ಎಲ್ಲ ಕಡೆ ಸಮ ಹಂಚುತ್ತದೆ. ಒಂದೇ ಮಗ್ಗುಲು 2 ಮಿ.ಮೀ. ಸವೆದಿದ್ದರೆ ಅದನ್ನು ಒಂದು ಕಡೆ 1 ಕಡಿಮೆ, ಇನ್ನೊಂದು ಕಡೆ 1 ಹೆಚ್ಚು ಎಂದು ತೋರಿಸುತ್ತದೆ. ಎಮರಿ ಎಲ್ಲಾದರೂ ಬೆಳೆಯುತ್ತದೆಯೇ? ಶಾಫ್ಟಿನ ತುದಿ, ಪಕ್ಕದ ಫ್ಲ್ಯಾಂಜು, ಹೀಗೆ ಸವೆಯದ ಭಾಗಗಳನ್ನು ಮಾತ್ರ ಆರಿಸಿ ಅವುಗಳಿಂದ ಹೊಂದಿಸಿ. ಬೇರಿಂಗ್ ಓರೆಯಾಗಿ ರೋಲರು ಒಂದು ಕಡೆಗೇ ಸವೆಯುತ್ತಿದ್ದರೆ ಆಗ ಕಣ್ಣಿಗೆ ಹೊಡೆಯುತ್ತದೆ.

ಶಾಸನದ ಅಕ್ಷರ ಕಾಣಂಗಿಲ್ಲ. ಇದಕ್ಕೂ ತ್ರೀಡಿ ಬೇಕೇನು?

ಅಕ್ಷರ ಓದುವುದಷ್ಟೇ ಉದ್ದೇಶವಾದರೆ ಬೇಕಿಲ್ಲ, ಅದಕ್ಕಿಂತ ಹಗುರವಾದ ಆರ್‌ಟಿಐ ಇದೆ. ಮಾಹಿತಿ ಹಕ್ಕಲ್ಲ, ಬೆಳಕಿನದು: ರಿಫ್ಲೆಕ್ಟೆನ್ಸ್ ಟ್ರಾನ್ಸ್‌ಫಾರ್ಮೇಶನ್ ಇಮೇಜಿಂಗ್. ಕ್ಯಾಮೆರಾ ಕದಲಬಾರದು, ಕಲ್ಲು ಕದಲಬಾರದು, ದೀಪ ಮಾತ್ರ ಕದಲಬೇಕು. ಕಲ್ಲಿನ ಪಕ್ಕ ಒಂದು ಹೊಳೆಯುವ ಕರಿ ಗುಂಡು ಇಡಿ, ಚಿತ್ರದಲ್ಲಿ ಅದು ಕನಿಷ್ಠ 250 ಪಿಕ್ಸೆಲ್ ಅಗಲ ಇರಲಿ. ದೀಪವನ್ನು ಕಲ್ಲಿನ ಅಗಲದ ಮೂರು ನಾಲ್ಕು ಪಟ್ಟು ದೂರದಲ್ಲಿ, ಒಂದು ದಾರ ಕಟ್ಟಿಕೊಂಡು ಅದೇ ದೂರ ಕಾಯ್ದುಕೊಂಡು, 15 ರಿಂದ 65 ಡಿಗ್ರಿ ಎತ್ತರದವರೆಗೆ ಸುತ್ತಲೂ 48–60 ಕಡೆ ಹಿಡಿದು ಒಂದೊಂದು ಫೋಟೊ. ಗುಂಡಿನ ಮೇಲಿನ ಮಿಂಚು ನೋಡಿ ದೀಪ ಎಲ್ಲಿತ್ತೆಂದು ರಿಲೈಟ್‌ಲ್ಯಾಬ್ ಎಂಬ ಉಚಿತ ಸಾಫ್ಟ್‌ವೇರ್ ಲೆಕ್ಕ ಹಾಕುತ್ತದೆ. ಆಮೇಲೆ ಮನೆಯಲ್ಲಿ ಕೂತು ಪರದೆಯ ಮೇಲೆ ಬೆಳಕನ್ನು ಎತ್ತ ಬೇಕತ್ತ ತಿರುಗಿಸಿ ಓದಬಹುದು. ಹೊತ್ತು ಮುಳುಗಿದ ಮೇಲೆ ಮಾಡಿ.

ಚಿತ್ತಾಪುರ ತಾಲೂಕಿನ ಕನಗನಹಳ್ಳಿಯ ಸುಣ್ಣಕಲ್ಲಿನ ಫಲಕದಲ್ಲಿ ‘ರಾಯೋ ಅಸೋಕೋ’ ಎಂಬ ಬ್ರಾಹ್ಮಿ ಬರಹ ಇದೆಯಲ್ಲ, ಅಂಥ ತೆಳು ಗೀರಿನ ಅಕ್ಷರಕ್ಕೆ ಅಡ್ಡ ಬೆಳಕೇ ಕಣ್ಣು. ಅಕ್ಷರ ಎದ್ದು ಕಾಣಲಿ ಎಂದು ಸೀಮೆಸುಣ್ಣ ಉಜ್ಜುವುದು, ಹಿಟ್ಟು ಬಳಿಯುವುದು, ನೀರು ಹೊಯ್ಯುವುದು ಇನ್ನೂ ನಿಂತಿಲ್ಲ. ಸುಣ್ಣಕಲ್ಲು ಇದನ್ನು ತಾಳುವುದಿಲ್ಲ.

ಶಾಸನದ ಪ್ರತಿಯೇ ಬೇಕಾದರೆ ಫೋಟೊಗ್ರಾಮೆಟ್ರಿ ಮಾಡಿ. ಆದರೆ ಎಲ್ಲ ಫೋಟೊ ನೇರ ಎದುರಿಂದ ತೆಗೆದರೆ ಚಪ್ಪಟೆ ಕಲ್ಲು ಮಾಡೆಲ್ಲಿನಲ್ಲಿ ತಟ್ಟೆಯಂತೆ ಬಾಗುತ್ತದೆ. ಲೆನ್ಸಿನ ವಕ್ರ ಯಾವುದು, ಕಲ್ಲಿನ ವಕ್ರ ಯಾವುದು ಎಂದು ಸಾಫ್ಟ್‌ವೇರಿಗೆ ಬೇರ್ಪಡಿಸಲಾಗುವುದಿಲ್ಲ. ಎಡ, ಬಲ, ಮೇಲೆ, ಕೆಳಗಿಂದ 20–30 ಡಿಗ್ರಿ ಓರೆಯಾಗಿ ಒಂದಿಷ್ಟು, ಕ್ಯಾಮೆರಾವನ್ನು ಅಡ್ಡಕ್ಕೆ ತಿರುಗಿಸಿ ಒಂದಿಷ್ಟು ಸೇರಿಸಿದರೆ ಬಾಗು ಹೋಗುತ್ತದೆ.

ಕೋಟೆಯೊಳಗ ಫೋಟೊ ತೆಗೀಲಿಕ್ಕೆ ಅನುಮತಿ ಬೇಕೇನು?

ಕಲಬುರಗಿ ಕೋಟೆ, ಬೀದರ್ ಕೋಟೆ, 1472 ರ ಮಹಮೂದ್ ಗವಾನ್ ಮದರಸಾ ಇವೆಲ್ಲ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಕೈಯಲ್ಲಿ ಹಿಡಿದು ತೆಗೆಯುವ ಸಾಮಾನ್ಯ ಫೋಟೊಕ್ಕೆ ತೊಂದರೆಯಿಲ್ಲ. ಸ್ಟ್ಯಾಂಡ್, ಪ್ರತ್ಯೇಕ ದೀಪ, ಡ್ರೋನ್ ಇವಕ್ಕೆ ಮೊದಲೇ ಬರೆದು ಅನುಮತಿ ಪಡೆಯಬೇಕು. ಮದರಸಾದ ಬಣ್ಣದ ಹೆಂಚುಗಳಿಗೆ ಸ್ಟಿಕ್ಕರ್ ಅಂಟಿಸುವುದಾಗಲಿ ಸ್ಪ್ರೇ ಹೊಡೆಯುವುದಾಗಲಿ ಕೂಡದು, ಪಟ್ಟಿಯನ್ನು ನೆಲದ ಮೇಲಿಡಿ. ಬೀದರಿನಲ್ಲಿ ವಾಯುಪಡೆಯ ನೆಲೆ ಇದೆ. ಅಲ್ಲಿ ಡ್ರೋನ್ ಎತ್ತುವ ಮುಂಚೆ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಕೆಂಪು ವಲಯ ನೋಡಿಕೊಳ್ಳಿ.

ಕಂಪ್ಯೂಟರ್ ಎಂಥಾದ್ದು ಬೇಕು?

150 ಫೋಟೊಕ್ಕೆ 16 ಜಿಬಿ ರ‍್ಯಾಮ್ ಸಾಲುತ್ತದೆ, 32 ಇದ್ದರೆ ನಿರಾಳ. ಫೋಟೊದಿಂದ ಮಾಡೆಲ್ ಮಾಡುವ ಸಾಫ್ಟ್‌ವೇರುಗಳಲ್ಲಿ ಮೆಶ್‌ರೂಮ್ ಉಚಿತ, ಅದಕ್ಕೆ ಎನ್‌ವಿಡಿಯಾ ಕಾರ್ಡ್ ಬೇಕು. ಮೆಟಾಶೇಪ್ ದುಡ್ಡಿನದು, ಗುರುತುಪಟ್ಟಿ ಹಿಡಿಯುವುದರಲ್ಲಿ ಸುಲಭ. ಮೆಶ್ (ಮಾಡೆಲ್ಲಿನ ಮೈಯನ್ನು ಕಟ್ಟುವ ತ್ರಿಕೋನಗಳ ಬಲೆ) ತಿದ್ದಲು ಮೆಶ್‌ಲ್ಯಾಬ್, ಯಂತ್ರಭಾಗ ಮತ್ತೆ ಬಿಡಿಸಲು ಫ್ರೀಕ್ಯಾಡ್. ಲೆಕ್ಕ ತಾಸುಗಟ್ಟಲೆ ಓಡುತ್ತದೆ, ಕರೆಂಟಿನ ಭರವಸೆಯಿಲ್ಲದ ಕಡೆ ಯುಪಿಎಸ್ ಇಲ್ಲದೆ ಶುರು ಮಾಡಬೇಡಿ.

ಪ್ರಿಂಟ್ ತೆಗೆದವರು ಕಡ್ಲಿಕಾಳಿನಷ್ಟು ಸಣ್ಣದು ಮಾಡಿ ಕೊಟ್ಟಾರ. ತಪ್ಪು ಯಾರದು?

ಮಾಡೆಲ್ಲನ್ನು ಪ್ರಿಂಟಿಗೆ ಕಳಿಸುವ ಎಸ್‌ಟಿಎಲ್ ಫೈಲಿನದು. ಅದರಲ್ಲಿ ಅಂಕಿ ಮಾತ್ರ ಇರುತ್ತದೆ, ಮಿ.ಮೀ.ಯೋ ಇಂಚೋ ಮೀಟರೋ ಬರೆದಿರುವುದಿಲ್ಲ. 25.4 ಪಟ್ಟು ವ್ಯತ್ಯಾಸ ಬಂದರೆ ಇಂಚು, 1000 ಪಟ್ಟು ಬಂದರೆ ಮೀಟರ್. ಅಳತೆಯ ಮಾನವನ್ನೂ ಬರೆದಿಟ್ಟುಕೊಳ್ಳುವ ತ್ರೀಎಂಎಫ್ ಫೈಲ್ ಕಳಿಸಿ, ಇಲ್ಲವೇ ಫೈಲಿನ ಹೆಸರಿನಲ್ಲೇ ‘ಎತ್ತರ 182 ಮಿ.ಮೀ.’ ಎಂದು ಬರೆಯಿರಿ.

ಪ್ರಿಂಟ್ ಚಲೋ ಬಂದಿತ್ತು, ಮನಿಗೆ ಒಯ್ಯೋದ್ರೊಳಗ ಡೊಂಕಾಯ್ತು.

ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿಯ ಹತ್ತಿರ ಮೆತ್ತಗಾಗುತ್ತದೆ. ಏಪ್ರಿಲ್‌ನಲ್ಲಿ ಬಿಸಿಲಿಗೆ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಅಷ್ಟು ಬಿಸಿ ಆಗೇ ಆಗುತ್ತದೆ. ಬೇಸಿಗೆಯಲ್ಲಿ ಪಿಇಟಿಜಿ ಕೇಳಿ, ಅದು 80 ರವರೆಗೆ ತಾಳುತ್ತದೆ. ಹೊರಗೆ ಬಿಸಿಲಲ್ಲೇ ಇರುವ ಭಾಗಕ್ಕೆ ಎಎಸ್‌ಎ. ರಂಧ್ರಗಳು ಸಾಮಾನ್ಯವಾಗಿ 0.2–0.3 ಮಿ.ಮೀ. ಚಿಕ್ಕದಾಗಿ ಬರುತ್ತವೆ, ಡ್ರಿಲ್ ಬಿಟ್ ಹಾಕಿ ಸರಿಮಾಡಿಕೊಳ್ಳಿ.

ಬೇರೆಯವರ ಕಡೆ ಸ್ಕ್ಯಾನ್ ಮಾಡಿಸಿದ್ರ ಏನೇನು ಕೇಳಿ ತಗೋಬೇಕು?

ಮೂಲ ಫೋಟೊಗಳು ಅಥವಾ ಸ್ಕ್ಯಾನಿನ ಕಚ್ಚಾ ಫೈಲ್, ತಿದ್ದುವ ಮುಂಚಿನ ಮೆಶ್, ತಿದ್ದಿದ ಮೆಶ್, ಗಾತ್ರಕ್ಕೆ ಬಳಸಿದ ಪಟ್ಟಿಗಳ ಅಳತೆ, ಅವತ್ತಿನ ಕೋಣೆಯ ಉಷ್ಣಾಂಶ. ಜೊತೆಗೆ ಲೆಕ್ಕಕ್ಕೆ ಬಳಸದೆ ಬಿಟ್ಟ ಮೂರನೇ ಪಟ್ಟಿಯ ಅಂಕಿ. ಮೆಶ್‌ನಲ್ಲಿ ತೂತು ಮುಚ್ಚಿದ್ದರೆ ಎಲ್ಲಿ ಮುಚ್ಚಿದ್ದಾರೆಂದು ಬಣ್ಣ ಹಾಕಿಸಿಕೊಳ್ಳಿ. ಅಲ್ಲಿರುವುದು ಅಳತೆಯಲ್ಲ, ಸಾಫ್ಟ್‌ವೇರಿನ ಊಹೆ. ದುಡ್ಡು ಎಣಿಸುವ ಮುಂಚೆ ಅವರ ಎದುರಿಗೇ ಐದು ಕಡೆ ವರ್ನಿಯರ್ ಇಟ್ಟು ನೋಡಿ.